ಬಲೆಗೆ ಇನ್ನೂ ಒಂಬತ್ತು ಕಣ್ಣು

ಕ್ಯೋಟೋದ ಕಾಮೊ ಹೊಳೆಯ ದಂಡೆಯಲ್ಲಿ ನಾನು ಕೆಲಸಕ್ಕಿದ್ದ ವಸತಿಗೃಹದಲ್ಲಿ ಸಿನಿಮಾ ಬರೆಯುವವರನ್ನು ಡಬ್ಬಿಗೆ ಹಾಕುತ್ತಿದ್ದರು. ಎಲ್ಲರೂ ಬಳಸುತ್ತಿದ್ದದ್ದು ಆ ಮಾತನ್ನೇ. ಹೇಳಿದ ದಿನಕ್ಕೆ ಕಥೆ ಕೊಡದವರನ್ನು ಸ್ಟುಡಿಯೋದವರು ಕಾರಿನಲ್ಲಿ ತಂದು ಮಹಡಿಯ ಕೋಣೆಗೆ ಬಿಟ್ಟು, "ಮುಗಿಯೋ ತನಕ ಈಚೆ ಬಿಡಬೇಡಿ" ಎಂದು ಯಜಮಾನಿಗೆ ಹೇಳಿ ಹೋಗುವರು. ಯಜಮಾನಿ ಅವರ ಮರದ ಚಪ್ಪಲಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವರು. ಆಮೇಲೆ ಬರೆಯುವವರು ಡಬ್ಬಿಯ ಮೀನಿನ ಹಾಗೆ ಒಳಗೆ. ಎಣ್ಣೆಯ ಬದಲಿಗೆ ಸಿಗರೇಟಿನ ಹೊಗೆ, ಅಷ್ಟೇ ವ್ಯತ್ಯಾಸ.

ಉರಾಬೆ ಜುಂಕಿಚಿ ಮೇಷ್ಟ್ರು ಮಾತ್ರ ತಾವಾಗಿಯೇ ಬರುತ್ತಿದ್ದರು. ಬಾಗಿಲಲ್ಲೇ ಚಪ್ಪಲಿ ಕಳಚಿ ಯಜಮಾನಿಯ ಕೈಗೆ ಕೊಡುತ್ತಿದ್ದರು. "ತಗೊಳ್ಳಿ ಅಮ್ಮ, ಬೀಗ ಹಾಕಿ. ಓಡಬೇಕು ಅನ್ನಿಸಿದ್ರೆ ಬರಿಗಾಲಲ್ಲೇ ಓಡ್ತೀನಿ, ನಿಮಗೆ ಕೆಟ್ಟ ಹೆಸರು ಬರಬಾರದು."

ನಾನು ತಾಂಗೊ ಕಡಲತೀರದ ಹಳ್ಳಿಯವಳು. ಹದಿನಾಲ್ಕಕ್ಕೆ ಈ ಮನೆಗೆ ಬಂದೆ. ನನ್ನ ಹೆಸರು ಇಸೊ. ಓದು ಬರೆಹ ಏನೂ ಇರಲಿಲ್ಲ. ಮಹಡಿಗೆ ಊಟದ ತಟ್ಟೆ ಹೊರುವುದು, ಹಾಸಿಗೆ ಸುತ್ತುವುದು, ಒಗೆದ ಬಟ್ಟೆ ಮಡಚುವುದು ನನ್ನ ಕೆಲಸ. ಮೊದಲನೆಯ ಸಲ ಮೇಷ್ಟ್ರ ಕೋಣೆಯ ಮುಂದೆ ತಟ್ಟೆ ಹಿಡಿದು ನಿಂತಾಗ ಒಳಗೆ ನಾಲ್ಕು ಜನ ಜಗಳವಾಡುವುದು ಕೇಳಿಸಿತು. ಒಬ್ಬ ಮುದುಕ, ಒಬ್ಬ ಕುಡುಕ, ಒಬ್ಬಳು ಹೆಂಗಸು, ಜೊತೆಗೊಂದು ಅಳುವ ಕೂಸು. ಒಂದೇ ತಟ್ಟೆ ತಂದಿದ್ದೇನಲ್ಲ ಎಂದು ಗಾಬರಿಯಾಗಿ ಕೆಳಗೆ ಓಡಿದೆ. ಅಡಿಗೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಒಳಗಿದ್ದದ್ದು ಮೇಷ್ಟ್ರು ಒಬ್ಬರೇ.

ಅವರು ಬರೆಯುತ್ತಿದ್ದದ್ದೇ ಹಾಗೆ. ಮೊದಲು ಬಾಯಿ, ಆಮೇಲೆ ಕೈ. ಹದಿನೇಳನೆಯ ವಯಸ್ಸಿನಲ್ಲಿ ಅವರು ಕೋಬೆಯ ಒಂದು ಟಾಕೀಸಿನಲ್ಲಿ ಮೂಕಿ ಚಿತ್ರಗಳಿಗೆ ಪರದೆಯ ಪಕ್ಕ ನಿಂತು ಮಾತು ಹೇಳುವವರ ಹತ್ತಿರ ಕಲಿಯಲು ಸೇರಿದವರು. ಇಡೀ ಚಿತ್ರದ ಗಂಡು ಹೆಣ್ಣು ಮಕ್ಕಳು ಕುದುರೆ ಎಲ್ಲದಕ್ಕೂ ಒಂದೇ ಗಂಟಲು. ಮಾತನಾಡುವ ಚಿತ್ರಗಳು ಬಂದ ಮೇಲೆ ಇವರನ್ನೆಲ್ಲ ಮನೆಗೆ ಹೋಗಿ ಅಂದರು. ಮೇಷ್ಟ್ರು ಮತ್ತು ಇನ್ನು ಆರು ಜನ ಹೋಗಲಿಲ್ಲ. ಮೂರು ದಿನ, ಓಡುತ್ತಿದ್ದ ಮಾತಿನ ಚಿತ್ರದ ಮೇಲೆಯೇ ಅವರು ಇನ್ನೂ ಜೋರಾಗಿ ತಮ್ಮ ಮಾತು ಹೇಳುತ್ತ ನಿಂತರಂತೆ. ನಾಯಕ ಪ್ರೀತಿ ಎಂದರೆ ಇವರು ಅವನ ಬಾಯಿಂದ ಬೆಲೆಯೇರಿಕೆಯ ಮಾತಾಡಿಸುವರು. ಜನ ದುಡ್ಡು ಕೊಟ್ಟು ಮತ್ತೆ ಮತ್ತೆ ಬಂದರಂತೆ. ಕೊನೆಗೆ ಪೊಲೀಸರು ಕಾಲು ಹಿಡಿದು ಎಳೆದೊಯ್ದರು.

"ಬಾಯಿ ಕಿತ್ತುಕೊಂಡರು ಇಸೊ. ಕೈ ಇತ್ತು, ಅದಕ್ಕೇ ಬರೆಯೋಕೆ ಬಂದೆ" ಎನ್ನುತ್ತಿದ್ದರು.

ಯುದ್ಧದ ಕಾಲದಲ್ಲಿ, ಸಾಯುವುದನ್ನು ಹೊಗಳಿ ಬರೆಯಿರಿ ಎಂದು ಮೇಲಿನವರು ಹೇಳಿದಾಗ ಕೈಗೆ ವಾತ ಬಂದಿದೆ ಎಂದು ಹೇಳಿ ಫುಶಿಮಿಗೆ ಹೋಗಿ ಸಾಕೆ ಎಂಬ ಅಕ್ಕಿಯ ಹೆಂಡ ಮಾಡುವಲ್ಲಿ ಪೀಪಾಯಿ ತೊಳೆದರು. ವಾತದ ಕೈಯಲ್ಲಿ ದಿನಕ್ಕೆ ನಲವತ್ತು ಪೀಪಾಯಿ. ಯುದ್ಧ ಮುಗಿದ ಮೇಲೆ ಅಮೆರಿಕದವರು ಕತ್ತಿ ಹಿರಿಯುವ ಚಿತ್ರ ಬೇಡವೆಂದರು. ಆಗ ಕತ್ತಿಯನ್ನು ಗಿರವಿ ಇಟ್ಟು ಖಾಲಿ ಒರೆ ಕಟ್ಟಿಕೊಂಡು ತಿರುಗುವ ಸಮುರಾಯಿಯೊಬ್ಬನನ್ನು ಬರೆದರು. ಅವನು ಕೊನೆಯ ತನಕ ಒರೆಗೆ ಕೈ ಹಾಕುತ್ತಾನೆ, ಹಿರಿಯುವುದೇ ಇಲ್ಲ. ಇಂಥವು ನೂರು ಚಿತ್ರದ ಮೇಲಾದವು. ನಡುನಡುವೆ ನಾಟಕ. ಸಿನಿಮಾ ಹೊಟ್ಟೆಗೆ, ನಾಟಕ ಹಟಕ್ಕೆ ಎನ್ನುತ್ತಿದ್ದರು.

ನಾನು ಅವರಿಗೆ ಹೇಗೆ ಬೇಕಾದೆನೆಂದರೆ, ಬಟ್ಟೆ ಮಡಚಲು. ಮಧ್ಯಾಹ್ನ ಒಗೆದ ಬಟ್ಟೆಯ ರಾಶಿ ತಂದು ಅವರ ಕೋಣೆಯಲ್ಲಿ, ಅವರಿಗೆ ಬೆನ್ನು ಹಾಕಿ ಕೂತು ಮಡಚಬೇಕು. ಅವರು ಬರೆದದ್ದನ್ನು ಹೇಳುತ್ತ ಹೋಗುವರು. ನನ್ನ ಕೈ ನಿಂತರೆ ಆ ಜಾಗ ಪಾಸು. ಕೈ ನಿಲ್ಲದೆ ಮಡಚುತ್ತಲೇ ಇದ್ದರೆ ಕಾಗದ ಹರಿಯುವ ಸದ್ದು ಕೇಳಿಸುತ್ತಿತ್ತು. ಒಂದು ಸಲ ಅವರಿಗೆ ನೋವಾಗದಿರಲೆಂದು ಬೇಕೆಂದೇ ಕೈ ನಿಲ್ಲಿಸಿದೆ.

"ಸುಳ್ಳಿ" ಎಂದರು. "ಸುಳ್ಳು ಹೇಳೋದು ನನ್ನ ಕಸುಬು, ನೀನು ಮಡಚು."

ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ನನಗೆ ಓದಬೇಕೆಂದು ಆಸೆ ಹುಟ್ಟಿತು. ಕೇಳಿದೆ. "ಮೇಷ್ಟ್ರೇ, ನನಗೆ ಅಕ್ಷರ ಹೇಳಿಕೊಡಿ."

"ನನ್ನ ಹತ್ರ ಕಲಿತೋರು ಯಾರೂ ಉದ್ಧಾರ ಆಗಿಲ್ಲ. ರಾತ್ರಿ ಶಾಲೆಗೆ ಹೋಗು."

"ಈ ವಯಸ್ಸಿನಲ್ಲಿ ಮಕ್ಕಳ ಬೆಂಚಲ್ಲಿ ಕೂತರೆ ಬೆಂಚು ಮುರಿಯುತ್ತೆ."

"ಮುರೀಲಿ. ಬೆಂಚು ನಾನು ಕೊಡಿಸ್ತೀನಿ."

ಯಜಮಾನಿ ಒಪ್ಪಲಿಲ್ಲ. "ಶಾಲೆ ಐದೂವರೆಗೆ, ಊಟದ ತಟ್ಟೆ ಆರಕ್ಕೆ. ಇವಳು ಅಲ್ಲಿ ಅಕ್ಷರ ತಿದ್ದುತ್ತ ಕೂತ್ರೆ ನಿಮ್ಮ ಮೀನು ಯಾರು ಹೊರ್ತಾರೆ ಮೇಷ್ಟ್ರೇ?"

"ನನಗೆ ನಾಲ್ಕು ಗಂಟೆಗೇ ಹಸಿವು."

"ಇಪ್ಪತ್ತು ವರ್ಷದಿಂದ ಆರು ಗಂಟೆಗೆ ಹಸೀತಿತ್ತಲ್ಲ?"

"ಗಡಿಯಾರ ನಿಮ್ಮದಮ್ಮ, ಹೊಟ್ಟೆ ನನ್ನದು."

ಮಹಡಿಯಲ್ಲಿದ್ದ ಮಿಕ್ಕವರನ್ನೂ ನಾಲ್ಕಕ್ಕೇ ಉಣ್ಣುವಂತೆ ಮಾಡಿದರು. ಒಬ್ಬ ಒಪ್ಪಲಿಲ್ಲ. ಅವನ ಗೋಡೆಗೆ ಬೆನ್ನು ಕೊಟ್ಟು ಕೂತು ಮೂರು ದಿನ ಬಿಡದೆ ಪ್ರೇತದ ಮಾತು ಅಭ್ಯಾಸ ಮಾಡಿದರು. ನಾಲ್ಕನೆಯ ದಿನ ಅವನಿಗೂ ನಾಲ್ಕಕ್ಕೇ ಹಸಿವಾಯಿತು. ಹೀಗೆ ಬಿಸಿಲು ಇರುವಾಗಲೇ ಬಂಗಡೆ, ಮೂಲಂಗಿ ಉಪ್ಪಿನಕಾಯಿ, ಅನ್ನ ಉಂಡು ನನ್ನನ್ನು ಮೂರು ವರ್ಷ ಶಾಲೆಗೆ ಕಳಿಸಿದರು. ರಾತ್ರಿ ಅವರಿಗೆ ಮತ್ತೆ ಹಸಿವಾಗುತ್ತಿತ್ತು ಎಂದು ಬಹಳ ತಡವಾಗಿ ನನಗೆ ಗೊತ್ತಾಯಿತು.

ಅವರಿಗೆ ಅರವತ್ತನಾಲ್ಕು, ನನಗೆ ನಲವತ್ತೆಂಟು ಆದ ವರ್ಷ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಗ ಅವರು ಒಸಾಕಾದ ಒಂದು ದೊಡ್ಡ ರಂಗಮಂದಿರಕ್ಕೆ ನಾಟಕ ಬರೆಯುತ್ತಿದ್ದರು. ನನ್ನ ಹಳ್ಳಿಯಂಥದೇ ಒಂದು ಕಡಲೂರು. ಬಿರುಗಾಳಿ ಬರುವುದು ಗೊತ್ತಿದ್ದೂ ಧಣಿಯ ಮಗ ದೋಣಿಗಳನ್ನು ಕಡಲಿಗೆ ಕಳಿಸುತ್ತಾನೆ. ಹನ್ನೊಂದು ಜನ ಹಿಂದಿರುಗುವುದಿಲ್ಲ. ಮೂವತ್ತು ವರ್ಷದ ಮೇಲೆ ಅವನು ದೊಡ್ಡ ಮನುಷ್ಯನಾಗಿ, ಊರಿಗೆ ದೇವಾಲಯದ ಗಂಟೆ ದಾನ ಮಾಡಲು ಬಂದು, ಗಂಡನನ್ನು ಕಳೆದುಕೊಂಡ ಮುದುಕಿಯ ಮುಂದೆ ನಿಲ್ಲುತ್ತಾನೆ. ಅವಳು ಬಲೆ ಹೆಣೆಯುತ್ತಿರುತ್ತಾಳೆ.

ಆಸ್ಪತ್ರೆಗೆ ಹೋಗುವ ದಿನ ಮಧ್ಯಾಹ್ನ ನನ್ನನ್ನು ಕರೆದರು. "ಬಟ್ಟೆ ತಗೊಂಡು ಬಾ." ಬೆನ್ನು ಹಾಕಿ ಕೂತೆ. ತೌಡು ಜರಡಿ ಹಿಡಿದ ಹಾಗಿತ್ತು ದನಿ. ಕೊನೆಯ ದೃಶ್ಯ ಹೇಳಿದರು. ನನ್ನ ಕೈ ನಿಂತಿತು. "ನಿಜವಾಗಿಯೋ?" ಎಂದರು. ತಲೆಯಾಡಿಸಿದೆ. ಮತ್ತೆ ಹೇಳಿದರು, ಮತ್ತೆ ಹೇಳಿದರು. ಮೂರನೆಯ ಸಲ ಮುಗಿದಾಗ ಕೆಳಗೆ ಟ್ಯಾಕ್ಸಿ ಬಂದಿತ್ತು. ಆಮೇಲೆ ಆ ಗಂಟಲಿಂದ ಯಾರೂ ಮಾತು ಕೇಳಲಿಲ್ಲ.

ಆ ರಂಗಮಂದಿರದಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಹೊಸ ನಾಟಕವನ್ನು ಮೊದಲ ದಿನ ಬರೆದವರೇ, ಆಗದಿದ್ದರೆ ಅವರ ಶಿಷ್ಯರು, ಎಲ್ಲರ ಮುಂದೆ ಓದಬೇಕು. ನಟರು, ಬಡಗಿಗಳು, ಬಟ್ಟೆ ಹೊಲಿಯುವವರು, ಎಲ್ಲರೂ ಕೂತಿರಬೇಕು. ಮೊದಲಿಂದ ಕೊನೆಯ ತನಕ ಒಂದೇ ಕೂರುವಿಕೆಯಲ್ಲಿ, ಎದ್ದು ಹೋಗದೆ. ಮುಗಿದ ಮೇಲೆ ತಂಡದ ಹಿರಿಯರು ಚಪ್ಪಾಳೆ ಎತ್ತುತ್ತಾರೆ, ಎಲ್ಲರೂ ಕೈ ಕೂಡಿಸುತ್ತಾರೆ. ಆ ಚಪ್ಪಾಳೆ ಬಿದ್ದರೆ ನಾಟಕ ಗಟ್ಟಿಯಾಯಿತು. ಆಮೇಲೆ ಬರೆದವರನ್ನು ಕೇಳದೆ ಒಂದು ಮಾತೂ ಕದಲಿಸುವಂತಿಲ್ಲ. ಬರೆದವರು ಇಲ್ಲವಾದರೆ ಅವರ ಶಿಷ್ಯರನ್ನು ಕೇಳಬೇಕು. ಓದು ನಡುವೆ ನಿಂತರೆ, ಅಥವಾ ಓದುವವರೇ ಇಲ್ಲವಾದರೆ, ನಾಟಕ ತಂಡದ ನಾಯಕನ ಕೈಗೆ ಹೋಗುತ್ತದೆ. ಅವನು ತನ್ನ ಮೈಯಳತೆಗೆ ಕತ್ತರಿಸಿ ಹೊಲಿದುಕೊಳ್ಳಬಹುದು.

ನಾಯಕ ತೋದೊ ಗೆನ್ಯ, ಸಿನಿಮಾದ ದೊಡ್ಡ ಹೆಸರು. ಧಣಿಯ ಮಗನ ಪಾತ್ರ ಅವನದು. ಕೊನೆಯಲ್ಲಿ ಮುದುಕಿ ತನ್ನ ಮುಂದೆ ಮಂಡಿ ಊರಿ ಕಣ್ಣೀರು ಹಾಕಿ, ಬಂದಿರಲ್ಲ, ಅಷ್ಟೇ ಸಾಕು ಅನ್ನಬೇಕು ಎಂದು ಅವನ ಆಸೆ. ಮೇಷ್ಟ್ರ ಕಾಯಿಲೆ ಕೇಳಿ ಹಣ್ಣಿನ ಬುಟ್ಟಿ ಹಿಡಿದು ವಸತಿಗೃಹಕ್ಕೆ ಬಂದ. ರಂಗಮಂದಿರದ ಮ್ಯಾನೇಜರ್ ಹೆಗುರಿ ಜೊತೆಗಿದ್ದ.

"ಮೇಷ್ಟ್ರೇ, ನೀವು ಆರಾಮ ಮಾಡಿ. ಓದೋ ಭಾರ ನನ್ನ ಮೇಲಿರಲಿ" ಎಂದ ಗೆನ್ಯ.

ಮೇಷ್ಟ್ರ ಕೊರಳಿಗೆ ಬಿಳಿಯ ಬಟ್ಟೆ, ಮಡಿಲಲ್ಲಿ ಮಕ್ಕಳ ಸ್ಲೇಟು. ಬರೆದರು: "ಹಣ್ಣು ಇಟ್ಟು ಹೋಗು. ಭಾರ ತಗೊಂಡು ಹೋಗಬೇಡ."

ಹೆಗುರಿ ನಯವಾಗಿ ನಕ್ಕ. "ಕಟ್ಟಳೆ ನಿಮಗೆ ಗೊತ್ತೇ ಇದೆ. ನೀವು ಓದೋ ಹಾಗಿಲ್ಲ. ಶಿಷ್ಯರು ಅಂತ ಯಾರಾದ್ರೂ ಇದ್ದಿದ್ರೆ... ಎಲ್ಲರನ್ನೂ ನೀವೇ ಬೈದು ಓಡಿಸಿದ್ರಿ."

ಮೇಷ್ಟ್ರು ಸ್ಲೇಟು ಒರೆಸಿದರು. ಬಳಪ ಕಿರುಗುಟ್ಟಿತು. "ಒಬ್ಬಳು ಇದ್ದಾಳೆ. ಚಹಾ ತರ್ತಿದ್ದಾಳೆ."

ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ನಾನು. ಇಬ್ಬರೂ ತಿರುಗಿ ನನ್ನನ್ನು ನೋಡಿದರು, ಆಮೇಲೆ ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ನೋಡಿದರು.

"ಈ ಕೆಲಸದಾಕೆನಾ?" ಎಂದ ಗೆನ್ಯ.

"ಮೂವತ್ತನಾಲ್ಕು ವರ್ಷದಿಂದ ನನ್ನ ಹತ್ತಿರ ಇದ್ದಾಳೆ" ಎಂದು ಸ್ಲೇಟು ಹೇಳಿತು. "ನಿನ್ನ ಮೂರು ಹೆಂಡತಿಯರೂ ಸೇರಿ ಅಷ್ಟು ದಿನ ಇರಲಿಲ್ಲ."

ಅವರು ಹೋದ ಮೇಲೆ ನಾನು ಕೈ ಮುಗಿದೆ. "ಮೇಷ್ಟ್ರೇ, ಬೇಡಿ. ನನ್ನ ಓದು ಬೆರಳಿಟ್ಟು ಓದೋ ಓದು. ಮೆಟ್ಟಿಲು ಹತ್ತೋ ಮುದುಕಿ ಥರ. ನಗ್ತಾರೆ."

"ನಗಲಿ. ನೀನು ಬಟ್ಟೆ ಮಡಚೋ ಹಾಗೆ ಓದು. ಒಂದಾದ ಮೇಲೆ ಒಂದು" ಎಂದು ಸ್ಲೇಟಿನಲ್ಲಿ ಬರೆದರು.

ಹಸ್ತಪ್ರತಿ ಇನ್ನೂರ ಹದಿನಾಲ್ಕು ಹಾಳೆ. ನಮ್ಮ ಬರೆಹದಲ್ಲಿ ಎಷ್ಟೋ ಮಾತುಗಳಿಗೆ ಒಂದೊಂದು ಬೇರೆಯೇ ಅಕ್ಷರ, ಅಂಥವು ಸಾವಿರಾರು. ಎರಡು ವಾರ ಅವರು ಹಾಸಿಗೆಯಲ್ಲೇ ಕೂತು, ನನಗೆ ಬಾರದ ಒಂದೊಂದು ಕಷ್ಟದ ಅಕ್ಷರದ ಪಕ್ಕದಲ್ಲೂ ಅದನ್ನು ಹೇಗೆ ಹೇಳಬೇಕೆಂದು ಇರುವೆ ಗಾತ್ರದಲ್ಲಿ ಬರೆದರು. ನಾನು ಬೆಳಿಗ್ಗೆ ಸಂಜೆ ಓದಿ ಓದಿ ಅಭ್ಯಾಸ ಮಾಡಿದೆ. ಆಮೇಲೆ ಹಸ್ತಪ್ರತಿಯನ್ನು ಅಚ್ಚಿಗೆ ಕಳಿಸಬೇಕಾಯಿತು.

ಓದಿನ ದಿನ ಬೆಳಿಗ್ಗೆ ಹತ್ತಕ್ಕೆ ರಂಗಮಂದಿರದ ತಾಲೀಮು ಹಾಲಿನಲ್ಲಿ ಅರವತ್ತು ಜನ. ಉದ್ದ ಮೇಜು. ಎಲ್ಲರ ಮುಂದೆ ಒಂದೊಂದು ಸೈಕ್ಲೋಸ್ಟೈಲ್ ಪ್ರತಿ. ನಮ್ಮ ಹಸ್ತಪ್ರತಿ ಎಲ್ಲಿ ಎಂದು ಹೆಗುರಿಯನ್ನು ಕೇಳಿದೆ. "ಅಚ್ಚಿನವರ ಹತ್ರಾನೇ ಉಳೀತಮ್ಮ. ಇದೂ ಅದೇ ಅಲ್ವಾ, ಓದಿ" ಎಂದ. ಪ್ರತಿ ತೆರೆದೆ. ಇರುವೆಗಳೆಲ್ಲ ಮಾಯವಾಗಿದ್ದವು. ಬರಿಯ ಕಷ್ಟದ ಅಕ್ಷರಗಳು ಗೋಡೆಯ ಹಾಗೆ ನಿಂತಿದ್ದವು.

ಮೇಷ್ಟ್ರ ಮುಖ ನೋಡಿದೆ. ಅವರು ಮೇಜಿನ ಕೆಳಗೆ ಸ್ಲೇಟು ತೋರಿಸಿದರು. "ಮಡಚು."

ಶುರು ಮಾಡಿದೆ. ಬೆರಳಿಟ್ಟು ಓದಿದೆ. ಗೊತ್ತಿರದ ಅಕ್ಷರ ಬಂದಾಗ ನಿಂತು, ಹಿಂದಿನ ಮಾತು ಯಾವುದು, ಮೇಷ್ಟ್ರು ಅಲ್ಲಿ ಏನು ಹೇಳಿದ್ದರು ಎಂದು ನೆನೆದು, ಮುಂದೆ ಹೋದೆ. ಹಿಂದಿನ ಸಾಲಿನಲ್ಲಿ ಕಿಸಿಕಿಸಿ. ಯಾರೋ, "ಈ ವೇಗದಲ್ಲಿ ಹೋದ್ರೆ ಬಿರುಗಾಳಿ ಮುಂದಿನ ವಾರ ಬರುತ್ತೆ" ಎಂದರು. ನನಗೂ ನಗು ಬಂತು. ನಕ್ಕು, ಬೆರಳು ಎತ್ತದೆ ಓದಿದೆ.

ಮಧ್ಯಾಹ್ನವಾಯಿತು. ಗೆನ್ಯ ಕೈಗಡಿಯಾರ ನೋಡಿದ. "ಅಕ್ಕ ದಣಿದಿದ್ದಾರೆ. ಊಟ ಮಾಡಿ ನಾಳೆ ಮುಂದುವರಿಸೋಣ."

ನಿಲ್ಲಿಸಿದರೆ ಮುಗಿಯಿತು ಎಂದು ನನಗೂ ಗೊತ್ತು, ಅವನಿಗೂ ಗೊತ್ತು. "ದಣಿದಿಲ್ಲ ಸ್ವಾಮಿ. ಮೂರು ಮಹಡಿ ತಟ್ಟೆ ಹೊತ್ತವಳು" ಎಂದು ಹೇಳಿ ಮುಂದಿನ ಸಾಲಿಗೆ ಹೋದೆ.

ಒಂದು ಗಂಟೆಗೆ ಅವನಿಗೆ ಫೋನು ಬಂತು. ಓದಿದೆ. ಎರಡಕ್ಕೆ ಕಿಟಕಿ ತೆಗೆಸಿದ, ಹಾಳೆಗಳು ಹಾರಿದವು. ಅಂಗೈಯಲ್ಲಿ ಒತ್ತಿ ಹಿಡಿದು ಓದಿದೆ. ನನಗೆ ನೀರೂ ಬೇಡವಾಗಿತ್ತು, ಏಳಬೇಕಾದೀತು ಎಂಬ ಭಯ. ಹೋಗುತ್ತ ಹೋಗುತ್ತ ಕಿಸಿಕಿಸಿ ಯಾವಾಗ ನಿಂತಿತೋ ತಿಳಿಯದು. ಬಟ್ಟೆ ಹೊಲಿಯುವ ಹೆಂಗಸರು ಸೂಜಿ ಕೆಳಗಿಟ್ಟಿದ್ದರು. ಅದನ್ನು ಮಾತ್ರ ಕಣ್ಣಂಚಿನಲ್ಲಿ ನೋಡಿದೆ. ಕೈ ನಿಂತಿದೆ, ಪಾಸು.

ಕೊನೆಯ ದೃಶ್ಯಕ್ಕೆ ಬಂದೆ. ಧಣಿಯ ಮಗನ ಮಾತು ಮುಗಿಯಿತು. ಹಾಳೆ ತಿರುವಿದೆ. ಬೆರಳಿಟ್ಟೆ. "ಮುದುಕಿ ಬಲೆ ಬಿಸಾಡಿ..." ಎಂದಿತ್ತು. ಮುಂದಿನ ಅಕ್ಷರ ಮಂಡಿ. ಅದು ನಾನು ರಾತ್ರಿ ಶಾಲೆಯಲ್ಲಿ ನೂರು ಸಲ ತಿದ್ದಿ ಕಲಿತ ಅಕ್ಷರ. ಅದರ ಮುಂದೆ ಕಣ್ಣೀರು. ಅದೂ ಗೊತ್ತಿತ್ತು.

ಬೆರಳು ನಿಂತಿತು. ಮೇಷ್ಟ್ರೊಬ್ಬರ ಮುಂದೆ ಮಾತ್ರ ಪ್ರತಿ ಇಟ್ಟೇ ಇರಲಿಲ್ಲ, ಅವರಿಗೆ ಏನೂ ಗೊತ್ತಾಗಿಲ್ಲ. ಗೆನ್ಯ ಮೇಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದ. "ಓದಮ್ಮ" ಎಂದ ಮೆಲ್ಲಗೆ. "ಇನ್ನು ಒಂದೇ ಹಾಳೆ. ಬರೆದಿರೋದನ್ನ ಓದು." ನಾನೇ ಓದಿ, ಚಪ್ಪಾಳೆ ಬಿದ್ದರೆ, ಮಂಡಿ ಊರಿದ್ದೇ ಗಟ್ಟಿಯಾಗುತ್ತಿತ್ತು. ನನ್ನ ಬಾಯಿಂದಲೇ.

ಪ್ರತಿಯನ್ನು ಮುಚ್ಚಿದೆ. ಸಾಮಾನು ಕಟ್ಟಿ ತಂದು ಮೇಜಿನ ಮೇಲಿಟ್ಟಿದ್ದ ಗಂಟುಬಟ್ಟೆಯನ್ನು ಕೈಗೆ ತೆಗೆದುಕೊಂಡೆ, ಸುಮ್ಮನೆ, ಕೈಗೆ ಏನಾದರೂ ಬೇಕಿತ್ತು. ಕಣ್ಣು ಮುಚ್ಚಿದೆ. ಬೆನ್ನ ಹಿಂದೆ ಆ ತೌಡಿನ ದನಿ ಇತ್ತು. ಅದು ಹೇಳಿದ್ದನ್ನು ಹೇಳಿದೆ. ಬೆರಳು ಬೇಕಾಗಲಿಲ್ಲ, ಮೆಟ್ಟಿಲೂ ಇರಲಿಲ್ಲ.

"ಮುದುಕಿ ತಲೆ ಎತ್ತುವುದಿಲ್ಲ. ಹೆಣೆಯುತ್ತಾಳೆ. 'ನೀ ಬಂದೆ. ನಾ ನೋಡಿದೆ. ಗಂಟೆ ಕಟ್ಟಿಸು, ಹೊಡೆಸು, ಕಿವಿ ಇದ್ದೋರು ಕೇಳ್ತಾರೆ. ಗಾಳಿ ತಿರುಗೋದ್ರೊಳಗೆ ಹೊರಡು. ನನಗೆ ಇನ್ನೂ ಒಂಬತ್ತು ಕಣ್ಣು ಹೆಣೆಯೋದಿದೆ.' ಅವನು ನಿಂತೇ ಇರುತ್ತಾನೆ. ಅವಳು ಹೆಣೆಯುತ್ತಲೇ ಇರುತ್ತಾಳೆ. ಪರದೆ."

ಹಾಳೆ ತಿರುವುವ ಸದ್ದು. ಎಲ್ಲರೂ ಹುಡುಕುತ್ತಿದ್ದರು.

"ಇದು ಪುಸ್ತಕದಲ್ಲಿ ಇಲ್ಲ" ಎಂದ ಹೆಗುರಿ.

"ಹೌದು, ಇಲ್ಲ" ಎಂದೆ. "ಅಚ್ಚಿನವರ ಹತ್ರ ಉಳಿದಿರಬೇಕು."

"ಓದು ಅಂದ್ರೆ ಪುಸ್ತಕದ್ದು ಓದಬೇಕು!" ಗೆನ್ಯ ಎದ್ದು ನಿಂತ. "ತಟ್ಟೆ ಹೊರೋಳು ಬಾಯಿಗೆ ಬಂದಿದ್ದು ಹೇಳಿದ್ರೆ ನಾಟಕ ಆಗುತ್ತಾ?"

ಮೇಷ್ಟ್ರು ಸ್ಲೇಟನ್ನು ಎತ್ತಿ ಅರವತ್ತು ಜನರಿಗೂ ಕಾಣುವಂತೆ ಹಿಡಿದರು. ಯಾವಾಗ ಬರೆದರೋ. "ನನ್ನದು ಇದೇ. ಒಂದು ಮಾತೂ ಬಿಟ್ಟಿಲ್ಲ." ಸ್ಲೇಟು ಇಳಿಸಲಿಲ್ಲ.

ಎಲ್ಲರೂ ಒಂದೇ ಕಡೆ ತಿರುಗಿದರು. ಚಪ್ಪಾಳೆ ಎತ್ತಬೇಕಾದವರು ತಂಡದ ಹಿರಿಯ ನಟಿ ನಾಗಿ ರಿತ್ಸು, ಎಪ್ಪತ್ತಮೂರು ವರ್ಷ, ಮುದುಕಿಯ ಪಾತ್ರ ಆಕೆಯದೇ. ನಾಲ್ಕು ದಶಕ ಗಂಡಸು ನಾಯಕರ ಮುಂದೆ ವೇದಿಕೆಯಲ್ಲಿ ಅತ್ತವರು. ಆಕೆ ನಿಧಾನವಾಗಿ ಕನ್ನಡಕ ತೆಗೆದರು.

"ಗೆನ್ಯ, ನನ್ನ ಮಂಡಿ ಸವೆದುಹೋಗಿದೆಯಪ್ಪ. ಡಾಕ್ಟರು ಊರಬೇಡ ಅಂದಿದ್ದಾರೆ" ಎಂದು ಹೇಳಿ ಚಪ್ಪಾಳೆ ಎತ್ತಿದರು.

ಬಡಗಿಗಳು ಮೊದಲು ಕೈ ಕೂಡಿಸಿದರು, ಅವರ ಅಂಗೈ ಹಲಗೆಯಂಥವು. ಆಮೇಲೆ ಹೊಲಿಯುವವರು. ಆಮೇಲೆ ಎಲ್ಲರೂ. ಗೆನ್ಯ ಕೈ ಕಟ್ಟಿ ನಿಂತಿದ್ದ. ಅವನೊಬ್ಬನ ಕೈ ಇಲ್ಲದೆಯೂ ಸದ್ದು ಸಾಕಷ್ಟಿತ್ತು.

ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು. ಮೇಷ್ಟ್ರು ಸ್ಲೇಟು ಒರೆಸಿ ನನ್ನ ಕಡೆ ತಿರುಗಿಸಿದರು. "ಹಸಿವು."

ಗೆನ್ಯ ನಾಟಕ ಬಿಡಲಿಲ್ಲ. ಟಿಕೆಟ್ಟು ಮಾರಿಯಾಗಿತ್ತು. ಇಪ್ಪತ್ತೈದು ದಿನವೂ ಕೊನೆಯ ದೃಶ್ಯದಲ್ಲಿ, ಇವತ್ತಾದರೂ ಮಂಡಿ ಊರಿಯಾಳು ಎಂಬಂತೆ ರಿತ್ಸುವನ್ನು ದಿಟ್ಟಿಸಿ ನಿಲ್ಲುತ್ತಿದ್ದ. ಆಕೆ ಹೆಣೆಯುತ್ತಿದ್ದರು. ದಿನದಿಂದ ದಿನಕ್ಕೆ ಆ ಮೌನ ಉದ್ದವಾಯಿತು. ಪತ್ರಿಕೆಗಳು ಅದನ್ನೇ ಗೆನ್ಯನ ಜೀವಮಾನದ ಶ್ರೇಷ್ಠ ಅಭಿನಯ ಎಂದು ಬರೆದವು. ಮೇಷ್ಟ್ರಿಗೆ ಓದಿ ಹೇಳಿದೆ. ಸದ್ದಿಲ್ಲದೆ ನಕ್ಕು ನಕ್ಕು ಕೊರಳ ಬಟ್ಟೆ ಒದ್ದೆಯಾಯಿತು.

ಮರುವರ್ಷ, ಚಳಿ ಬಂದು ಬಂಗಡೆ ಕೊಬ್ಬುವ ಮುಂಚೆ, ಅವರು ತೀರಿಹೋದರು. ನಾನು ಹಸ್ತಪ್ರತಿಗಾಗಿ ಅಚ್ಚಿನವರಲ್ಲಿಗೆ ಮೂರು ಸಲ ಹೋದೆ. ಸಿಗಲಿಲ್ಲ. ಒಂದು ನೋಟುಪುಸ್ತಕ ತಂದು, ಇಡೀ ನಾಟಕವನ್ನು ಕೇಳಿದ ಹಾಗೆಯೇ ಬರೆದಿಟ್ಟೆ. ಐದು ತಿಂಗಳು ಹಿಡಿಯಿತು. ಕಷ್ಟದ ಅಕ್ಷರಗಳ ಪಕ್ಕ ಇರುವೆಗಳನ್ನೂ ಬಿಡಲಿಲ್ಲ.

ಆ ಚಪ್ಪಾಳೆಯಿಂದಾಗಿ ನಾನು ಅವರ ಶಿಷ್ಯೆ. ಹಾಗಾಗಿ ನಾಲ್ಕೈದು ವರ್ಷಕ್ಕೊಮ್ಮೆ ನನಗೆ ಕಾಗದ ಬರುತ್ತದೆ. ಈಗಿನ ಜನಕ್ಕೆ ಕೊನೆ ಒಣಗಿದಂತೆ ಕಾಣುತ್ತದೆ, ಸ್ವಲ್ಪ ಮೆದು ಮಾಡಬಹುದೇ, ಮುದುಕಿ ತಿರುಗಿ ನೋಡಿದರೂ ಸಾಕು ಎಂದು ಬಹಳ ಗೌರವದಿಂದ ಕೇಳುತ್ತಾರೆ. ಈ ತಿಂಗಳು ಟಿ.ವಿ.ಯವರದು ಬಂದಿದೆ. ಒಂದು ಹನಿ ಕಣ್ಣೀರು ಮಾತ್ರ, ಅದೂ ದೂರದಿಂದ ತೋರಿಸುತ್ತಾರಂತೆ.

ನನಗೀಗ ಎಂಬತ್ತಮೂರು. ಬರೆಯಲು ಹೊತ್ತಾಗುತ್ತದೆ, ಆದರೂ ಇಂಥ ಕಾಗದಕ್ಕೆ ಬೇರೆಯವರ ಕೈಯಲ್ಲಿ ಬರೆಸುವುದಿಲ್ಲ. ಕನ್ನಡಕ ಹಾಕಿ, ಪೆನ್ಸಿಲ್ ಹೆರೆದು, ಒಂದೊಂದೇ ಅಕ್ಷರ ತಿದ್ದಿ ಬರೆದೆ.

"ಕಾಗದ ಬಂತು. ಓದಿದೆ. ಇಲ್ಲ. ಅವಳಿಗೆ ಇನ್ನೂ ಕೆಲಸವಿದೆ."